ಹಳೇದು ಇಲ್ಲೇ ಇಟ್ಟೋಗಿ

ಬ್ರೇಕ್ ಶೂವಿನ ಒಳಬದಿಯಲ್ಲಿ, ಲೋಹ ಬಾಗುವ ಕಡೆ, ಒಂದು ಚುಕ್ಕೆ ಇತ್ತು. ನೇರಳೆಹಣ್ಣಿನ ಬಣ್ಣ, ಎಳ್ಳಿಗಿಂತ ತುಸು ದೊಡ್ಡದು. ಉಗುರುಬಣ್ಣದ ಚುಕ್ಕೆ. ಹಸಿಯಾಗಿದ್ದಾಗ ಬ್ರಷ್ಷಿನ ಒಂದು ಎಳೆ ಉದುರಿ ಅದರಲ್ಲೇ ಸಿಕ್ಕಿಕೊಂಡು, ಕೊಕ್ಕೆಯ ಹಾಗೆ ಬಾಗಿ ಒಣಗಿತ್ತು.

ಆ ಚುಕ್ಕೆ ಇಟ್ಟವಳು ನಾನೇ. ಆದರೆ ಶೂ ಆಗತಾನೇ ಸೀಲು ಒಡೆದ ಹೊಸ ಡಬ್ಬಿಯಿಂದ ಹೊರಬಂದಿತ್ತು.

ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಎಂಜಿನಿಯರ್. ಹೊರಗಿನಿಂದ ಬರುವ ಬಿಡಿಭಾಗಗಳನ್ನು ಪರೀಕ್ಷಿಸುವ ವಿಭಾಗ ನನ್ನದು. ಪೆಟ್ಟಿಗೆಯ ಮೇಲೆ ಬರೆದದ್ದನ್ನು ನಂಬದಿರುವುದಕ್ಕೇ ನನಗೆ ಸಂಬಳ. ಅಳೆದು ನೋಡಿದ ಸ್ಯಾಂಪಲ್‌ಗಳಿಗೆ ನಾವು ಉಗುರುಬಣ್ಣದ ಚುಕ್ಕೆ ಇಡುತ್ತೇವೆ. ಅದು ಬೇಗ ಒಣಗುತ್ತದೆ, ಎಣ್ಣೆಗೆ ಅಳಿಯುವುದಿಲ್ಲ. ನಾನು ಉಗುರಿಗೆ ಎಂದೂ ಬಣ್ಣ ಹಚ್ಚಿದವಳಲ್ಲ. ಆದರೂ ನನ್ನ ಬ್ಯಾಗಿನಲ್ಲಿ ಒಂದು ಬಾಟಲಿ ಇರುತ್ತದೆ. ಅಂಗಡಿಯಲ್ಲಿ ಅದನ್ನು ಆರಿಸಿದಾಗ ಮಾರುವ ಹುಡುಗಿ, ಈ ಬಣ್ಣ ನಿಮ್ಮ ಕೈಗೆ ಒಪ್ಪುತ್ತದೆ ಎಂದಿದ್ದಳು. ನಾನು ಹೂಂ ಎಂದು ದುಡ್ಡು ಕೊಟ್ಟಿದ್ದೆ.

ಮನೆ ಚಿಕ್ಕಬಾಣಾವರದಲ್ಲಿ. ಅಮ್ಮ ದಾವಣಗೆರೆಯಿಂದ ನನ್ನ ಜೊತೆ ಇರಲು ಬಂದ ಮೇಲೆ ಇಲ್ಲಿನ ಒಂದು ಸಣ್ಣ ಶಾಲೆಯಲ್ಲಿ ಪಾಠ ಮಾಡಲು ಸೇರಿದಳು. ಐವತ್ತು ದಾಟಿದ ಮೇಲೆ ಸ್ಕೂಟರ್ ಕಲಿತಳು. ಶಾಲೆಯ ದಾರಿ ರೈಲ್ವೆ ಸ್ಟೇಷನ್ ಕಡೆಯಿಂದ ಇಳಿದು ನೇರವಾಗಿ ಮುಖ್ಯರಸ್ತೆಗೆ ಬೀಳುತ್ತದೆ. ಅಲ್ಲಿ ಜಲ್ಲಿ ತುಂಬಿದ ಲಾರಿಗಳು ಒಂದರ ಹಿಂದೊಂದು ಹೋಗುತ್ತಿರುತ್ತವೆ. ಇಳಿಜಾರಿನ ತುದಿಯಲ್ಲಿ ಬ್ರೇಕ್ ಹಿಡಿಯಲೇಬೇಕು. ಅಮ್ಮನಿಗೆ ಗಾಡಿ ಓಡಿಸುವುದು ಗೊತ್ತು, ಗಾಡಿಯ ಒಳಗೇನಿದೆ ಎಂದು ನೋಡಿಕೊಳ್ಳುವುದು ನನ್ನ ಪಾಲು.

ಹೋದ ವರ್ಷ, ಮಳೆ ಹಿಡಿಯುವ ಮುಂಚೆ, ಮುಂದಿನ ಬ್ರೇಕ್ ಸಡಿಲವಾಗಿತ್ತು. ಕಾರ್ಖಾನೆಯ ಹತ್ತಿರದ ಅಡ್ಡರಸ್ತೆಯ ಮೆಕ್ಯಾನಿಕ್ ಚಕ್ರ ಬಿಚ್ಚಿ, ಸವೆದ ಜೋಡಿ ಶೂಗಳನ್ನು ನನ್ನ ಕೈಗಿತ್ತ.

"ಸ್ಯಾಂಪಲ್ ತೋರ್ಸಿ ಎದುರ್ಗಡೆ ಅಂಗಡೀಲಿ ಹೊಸದು ತಗೊಂಬನ್ನಿ ಮೇಡಂ, ಹಾಕ್ಕೊಡ್ತೀನಿ."

ಆ ಬೀದಿಯ ರೂಢಿಯೇ ಅದು. ಭಾಗದ ಹೆಸರು, ನಂಬರು ಯಾರೂ ಹೇಳುವುದಿಲ್ಲ. ಹಳೆಯದನ್ನು ಕೌಂಟರ್ ಮೇಲೆ ಇಡುತ್ತಾರೆ, ಅದರ ಪಕ್ಕಕ್ಕೆ ಹೊಸದು ಬರುತ್ತದೆ. ಎರಡೂ ಒಂದೇ ಎನಿಸಿದರೆ ಹೊಸದನ್ನು ಒಯ್ಯುತ್ತಾರೆ, ಹಳೆಯದು ಅಲ್ಲೇ ಉಳಿಯುತ್ತದೆ. ಎರಡೂ ಬೆರೆಯದಿರಲಿ ಎಂದು ರಸ್ತೆ ದಾಟುವ ಮುಂಚೆ ನಾನು ಹಳೆಯ ಶೂಗಳಲ್ಲಿ ಒಂದರ ಒಳಬದಿಗೆ ಚುಕ್ಕೆ ಇಟ್ಟೆ. ಬಾಟಲಿ ಮುಗಿಯುತ್ತ ಬಂದಿತ್ತು, ಬ್ರಷ್ಷಿನ ಎಳೆಗಳು ಉದುರುತ್ತಿದ್ದವು.

ಅಂಗಡಿ ಕಿರಿದಾಗಿ, ಹಿಂದಕ್ಕೆ ಉದ್ದವಾಗಿತ್ತು. ಕೌಂಟರಿನಲ್ಲಿ ಕೂತವನು ನಡುವಯಸ್ಸಿನವನು, ಮಾತುಗಾರ. ಅವನು ಜಾಗ ಬಿಟ್ಟು ಏಳುವುದನ್ನು ನಾನು ನೋಡಿಯೇ ಇಲ್ಲ. ಅವನ ಬೆನ್ನ ಹಿಂದಿನ ಗೋಡೆಯಲ್ಲಿ ಒಂದು ಚೌಕಾಕಾರದ ಕಿಂಡಿ. ಗಾಡಿಯ ಹೆಸರನ್ನು ಆ ಕಿಂಡಿಗೆ ಕೂಗುತ್ತಾನೆ. ಸ್ವಲ್ಪ ಹೊತ್ತಿಗೆ ಒಂದು ಕೈ ಹೊರಬಂದು ಡಬ್ಬಿ ಇಟ್ಟು ಮರೆಯಾಗುತ್ತದೆ. ಗ್ರೀಸಿನಿಂದ ಎಲ್ಲರ ಕೈಯೂ ಕಪ್ಪಾಗಿರುವ ಆ ಬೀದಿಯಲ್ಲಿ ಅದೊಂದು ಕೈ ಮಾತ್ರ ಉಜ್ಜಿ ತೊಳೆದಷ್ಟು ಸ್ವಚ್ಛ. ಬಹಳ ಹೊತ್ತು ನೀರಿನಲ್ಲಿದ್ದಂತೆ ಬೆರಳ ತುದಿಗಳು ಬಿಳಿಚಿ ಸುಕ್ಕಾಗಿದ್ದವು. ಕಿಂಡಿಯ ಒಳಗಿನಿಂದ ಪಂಕ್ಚರ್ ಅಂಟಿನಂಥ ಘಾಟು ವಾಸನೆ ಬರುತ್ತಿತ್ತು.

ನಾನು ಡಬ್ಬಿಯ ನಂಬರನ್ನು ಫೋನಿನಲ್ಲಿದ್ದ ಕಂಪನಿಯ ಕೈಪಿಡಿಯೊಂದಿಗೆ ಹೋಲಿಸತೊಡಗಿದೆ. ಅಕ್ಷರಗಳ ಅಚ್ಚು ನೋಡಿದೆ. ಹೊಳೆಯುವ ಸ್ಟಿಕ್ಕರನ್ನು ಬೆಳಕಿಗೆ ಓರೆ ಹಿಡಿದೆ.

"ಏನ್ ಮೇಡಂ, ಸಾಮಾನಿಗೆ ಬಂದ್ರೋ, ರೇಡ್‌ಗೆ ಬಂದ್ರೋ?" ಎಂದ ಅಂಗಡಿಯವನು.

ಪಕ್ಕದಲ್ಲಿ ಕ್ಲಚ್ ಕೇಬಲ್‌ಗೆ ಕಾಯುತ್ತಿದ್ದ ಗಿರಾಕಿಯೊಬ್ಬ, "ಬಿಡು ಗುರು, ಗಂಡು ನೋಡೋಕ್ ಬಂದವ್ರೆ. ಜಾತ್ಕ ಕೂಡಿ ಬರ್ಲಿ ತಡಿ," ಎಂದ. ಇಬ್ಬರೂ ನಕ್ಕರು.

ನಂಬರು ಕೂಡಿ ಬಂತು. ಅಂಗಡಿಯವನು ನನ್ನ ಹಳೆಯ ಶೂ ಎತ್ತಿಕೊಂಡು, ಚುಕ್ಕೆಯ ಮೇಲೆ ಹೆಬ್ಬೆರಳು ಆಡಿಸಿದ.

"ಗುರುತು ಮಾಡ್ಕೊಂಡ್ ಬಂದಿದೀರ. ಇನ್ನೊಬ್ರಿದ್ರು ಮೇಡಂ, ಥೇಟ್ ನಿಮ್ ಥರಾನೇ. ಪ್ರತಿ ಸಲಾನೂ ಗುರುತು ಹಾಕ್ಕೊಂಡ್ ಬಂದು, ನಂಬರ್ ನೋಡಿ, ಆಮೇಲೇ ತಗೊಳ್ಳೋರು."

"ಈಗ?"

"ಈಗೀಗ ಬರ್ತಿಲ್ಲ." ಅವನು ಶೂಗಳನ್ನು ಕೌಂಟರಿನ ಕೆಳಗಿನ ತಗಡಿನ ಡಬ್ಬಕ್ಕೆ ಹಾಕಿದ. "ಹಳೇದು ಇಲ್ಲೇ ಇಟ್ಟೋಗಿ."

ಇಡೀ ಬೀದಿಯ ಹಳೆಯ ಸಾಮಾನು ಬೀಳುವ ಡಬ್ಬ ಅದು. ಆದರೂ ಖಾಲಿ ಡಬ್ಬಕ್ಕೆ ಬಿದ್ದ ಸದ್ದು ಬಂತು.

ಮೆಕ್ಯಾನಿಕ್ ಹೊಸ ಶೂಗಳನ್ನು ಹಾಕಿಕೊಟ್ಟ. ಆ ದಿನ ನಾನು ಪರೀಕ್ಷಿಸಿದ್ದು ಡಬ್ಬಿಯನ್ನು ಮಾತ್ರ.

ಈ ವರ್ಷ, ಒಂದು ಸಂಜೆ, ಅಮ್ಮ ಹೆಲ್ಮೆಟ್ ತೆಗೆಯುತ್ತ ಹೇಳಿದಳು: "ಬ್ರೇಕ್ ಹಿಡದ್ರೆ ಒಳಗೆ ಯಾರೋ ಹಲ್ಲು ಕಡ್ದಂಗಾಗ್ತೈತಿ, ಒಂದೀಟು ನೋಡವ್ವ."

ಮೆಕ್ಯಾನಿಕ್‌ನ ಶೆಡ್ ಮುಚ್ಚಿ ಆಗಲೇ ಬಹಳ ದಿನವಾಗಿತ್ತು. ನಾನೇ ಬಿಚ್ಚಿ ಹಾಕುವುದೆಂದು, ಶನಿವಾರ ಕೆಲಸ ಮುಗಿಸಿ ಬರುವಾಗ ಅದೇ ಅಂಗಡಿಗೆ ಹೋದೆ. ಅಂಗಡಿಯವನು ನೆನಪಿಟ್ಟುಕೊಂಡಿದ್ದ. ನಾನು ಗಾಡಿಯ ಹೆಸರು ಹೇಳುವ ಮುಂಚೆಯೇ ಕಿಂಡಿಯತ್ತ ತಿರುಗಿ ಕೂಗಿದ. ಸುಕ್ಕುಗಟ್ಟಿದ ಬೆರಳುಗಳು ಡಬ್ಬಿ ಇಟ್ಟು ಹೋದವು. ನಂಬರು, ಅಚ್ಚು, ಸ್ಟಿಕ್ಕರ್ ಎಲ್ಲ ಸರಿಯಿತ್ತು. ಒಳಗಿನದನ್ನೂ ನೋಡಬೇಕು ಎಂದೆ.

"ಸೀಲ್ ಒಡೆದ್ರೆ ವಾಪಸ್ ತಗೊಳ್ಳಲ್ಲ ಮೇಡಂ. ಕಂಪ್ನಿ ಮಾಲು, ಒಳಗ್ ನೋಡೋದೇನಿದೆ? ಕಣ್ಮುಚ್ಕೊಂಡ್ ಹಾಕ್ಸಿ." ಆಮೇಲೆ ಕೌಂಟರಿನ ಮೇಲೆ ಖಾಲಿ ಅಂಗೈ ಚಾಚಿದ. "ಹಳೇದೆಲ್ಲಿ?"

"ಗಾಡೀಲೇ ಇದೆ. ಇನ್ನೂ ಬಿಚ್ಚಿಲ್ಲ."

"ಬಿಚ್ಚಿದ್ಮೇಲೆ ತಂದ್ಕೊಡಿ. ಮರೀಬೇಡಿ."

ಭಾನುವಾರ ಮಧ್ಯಾಹ್ನ ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ, ಗಾಡಿಯ ಪಕ್ಕ ಹಳೆಯ ಪೇಪರ್ ಹಾಸಿ ಕೂತು ಸೀಲು ಒಡೆದೆ. ನೀರಿನ ಪಂಪು ಗೊಣಗುತ್ತಿತ್ತು. ಜೋಡಿ ಶೂಗಳಲ್ಲಿ ಒಂದನ್ನು ತಿರುಗಿಸಿದಾಗ ಚುಕ್ಕೆ ಕಂಡಿತು.

ಮೊದಲು ಚುಕ್ಕೆಯನ್ನು ಉಗುರಿನಿಂದ ಕೆರೆದು ನೋಡಿದೆ. ಚುಕ್ಕೆ ಇಡುವ ಕಾರ್ಖಾನೆ ನಮ್ಮದೊಂದೇ ಅಲ್ಲ ಎಂದು ಹೇಳಿಕೊಂಡೆ. ಆ ಬಣ್ಣದ ಬಾಟಲಿಗಳೂ ಊರ ತುಂಬ ಸಿಗುತ್ತವೆ. ಆದರೆ ಕೊಕ್ಕೆಯಂತೆ ಬಾಗಿದ ಆ ಎಳೆಗೆ ಉತ್ತರ ಹೊಳೆಯಲಿಲ್ಲ. ಪಂಪು ನಿಂತಿತು. ಬೇಸ್‌ಮೆಂಟಿನ ಆ ಮೌನದಲ್ಲಿ, ನಾನು ಬಿಟ್ಟುಬಂದ ವಸ್ತುವೊಂದು ನನ್ನ ಮನೆ ಹುಡುಕಿಕೊಂಡು ಬಂದಿದೆ ಎಂಬ ಯೋಚನೆ ಬಂತು. ಅದನ್ನು ಒಪ್ಪಿಕೊಳ್ಳುವುದು ನನ್ನ ಸ್ವಭಾವವಲ್ಲ. ಹಾಗಾಗಿ ಬೆಳಕಿಗೆ ಹಿಡಿದು ಮತ್ತೆ ನೋಡಿದೆ.

ಬ್ರೇಕ್ ಶೂ ಎಂದರೆ ಬಾಗಿದ ಲೋಹ ಮತ್ತು ಅದರ ಬೆನ್ನಿಗೆ ಅಂಟಿಸಿದ ಒರಟು ಪಟ್ಟಿ. ಚಕ್ರವನ್ನು ಉಜ್ಜಿ ನಿಲ್ಲಿಸುವುದು ಆ ಪಟ್ಟಿ. ಇದರ ಪಟ್ಟಿ ಹೊಸದಿತ್ತು, ಲೋಹ ನನ್ನದೇ. ಸವೆದ ಪಟ್ಟಿಯನ್ನು ಕಿತ್ತು, ಲೋಹವನ್ನು ಚೆನ್ನಾಗಿ ತೊಳೆದು, ಹೊಸ ಪಟ್ಟಿ ಅಂಟಿಸಿ, ಕಂಪನಿಯ ಡಬ್ಬಿಯಲ್ಲಿಟ್ಟು ಸೀಲು ಹಾಕಿದ್ದರು. ಪಟ್ಟಿಯ ಅಂಚಿಗೆ ಉಗುರು ಒತ್ತಿದೆ. ಒಣಗಿದ ಗಾಯದ ಹಕ್ಕಳೆಯಂತೆ ಅದು ಮೂಲೆಯಲ್ಲಿ ಎದ್ದಿತು. ಕಿಂಡಿಯ ಆ ಘಾಟು ವಾಸನೆ ಬಂತು.

ಇದು ಹೀಗಾದರೆ, ಒಂದು ವರ್ಷದಿಂದ ಅಮ್ಮನ ಗಾಡಿಯೊಳಗೆ ಇರುವುದು ಏನು?

ಸ್ಕೂಟರಿನ ಕೆಳಗೆ ಮರದ ತುಂಡು ಕೊಟ್ಟು ಮುಂದಿನ ಚಕ್ರ ಬಿಚ್ಚಿದೆ. ಶೂಗಳನ್ನು ಹೊರತೆಗೆದು ಕಪ್ಪು ಪುಡಿ ಒರೆಸಿದೆ. ಒಂದರ ಪಟ್ಟಿ ನಡುವೆ ಬಿರುಕು ಬಿಟ್ಟು, ತುದಿ ಲೋಹದಿಂದ ಎದ್ದು ನಿಂತಿತ್ತು. ಅಮ್ಮ ಕೇಳಿಸಿಕೊಂಡ ಹಲ್ಲು ಕಡಿಯುವ ಸದ್ದು ಅದರದು. ಪೂರ್ತಿ ಕಳಚಿದ್ದರೆ ಅದು ಚಕ್ರದೊಳಗೆ ಸಿಕ್ಕಿ ಗಾಡಿಯನ್ನು ಕೆಡವುತ್ತಿತ್ತು, ಇಲ್ಲವೇ ಬ್ರೇಕೇ ಇಲ್ಲದಂತಾಗುತ್ತಿತ್ತು. ಇಳಿಜಾರು, ಅದರ ತುದಿಯ ಲಾರಿಗಳು ಕಣ್ಣ ಮುಂದೆ ಬಂದವು.

ಅದೇ ಶೂವನ್ನು ತಿರುಗಿಸಿದೆ. ಒಳಬದಿಯಲ್ಲಿ, ನಾನು ಚುಕ್ಕೆ ಇಡುವ ಜಾಗದಲ್ಲೇ, ಮೊಳೆಯಿಂದ ಗೀರಿದ ಒಂದು ಅಕ್ಷರವಿತ್ತು. 'ಮ.' ಆತುರದ ಗೀರಲ್ಲ. ಸುಳಿಯನ್ನು ಕೂಡ ನಿಧಾನವಾಗಿ, ದುಂಡಗೆ ತಿದ್ದಿದ್ದರು. ಹಳೆಯದು ಹೊಸದರೊಂದಿಗೆ ಬೆರೆಯಬಾರದೆಂದು ಯಾರೋ ಎಚ್ಚರ ವಹಿಸಿದ್ದರು.

ಈಗೀಗ ಬರ್ತಿಲ್ಲ ಎಂದ ಅಂಗಡಿಯವನ ಮಾತು ನೆನಪಾಯಿತು.

ನಾಲ್ಕೂ ಶೂಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಪೀಣ್ಯಕ್ಕೆ ಹೋದೆ. ಭಾನುವಾರವಾದ್ದರಿಂದ ಬೀದಿಯಲ್ಲಿ ಅರ್ಧಕ್ಕರ್ಧ ಶಟರ್ ಮುಚ್ಚಿದ್ದವು. ಅಂಗಡಿ ತೆರೆದಿತ್ತು. ಬೇರೆ ಗಿರಾಕಿಗಳಿರಲಿಲ್ಲ. ಚುಕ್ಕೆಯ ಶೂವನ್ನು ಮಾತ್ರ ಕೌಂಟರ್ ಮೇಲಿಟ್ಟೆ.

"ಇದು ನಾನು ಹೋದ ವರ್ಷ ಇಲ್ಲಿ ಬಿಟ್ಟು ಹೋಗಿದ್ದು. ನಿನ್ನೆ ಹೊಸ ಡಬ್ಬೀಲಿ ಕೊಟ್ಟಿದೀರ."

ಅವನು ನೋಡಿದ. ಅವನ ಮುಖದಲ್ಲಿ ಗಾಬರಿ ಇರಲಿಲ್ಲ.

"ಫ್ಯಾಕ್ಟರೀಲಿ ಚೆಕ್ಕಿಂಗ್ ಮಾಡೋರು ಹಚ್ಚಿರ್ತಾರೆ ಮೇಡಂ, ಇಂಥವೆಲ್ಲ."

"ಫ್ಯಾಕ್ಟರೀಲಿ ಹಚ್ಚೋಳು ನಾನೇ. ಪಟ್ಟಿ ಉಗುರಿಗೇ ಏಳ್ತಿದೆ, ನೋಡಿ."

"ಸೀಲ್ ಒಡೆದು ಏನೇನೋ ಮಾಡ್ಕೊಂಡ್ ಬಂದ್ರೆ ನಾನೇನ್ ಹೇಳ್ಲಿ. ಹೋಗ್ಲಿ, ಬೇಜಾರ್ ಮಾಡ್ಕೋಬೇಡಿ. ಗೊತ್ತಿರೋರು ನೀವು, ಬೇರೆ ಕೊಡ್ತೀನಿ."

ಅವನು ಕಿಂಡಿಯತ್ತ ತಿರುಗಿದ. ಈ ಸಲ ಕೂಗಲೇ ಇಲ್ಲ. ಕೈ ಆಗಲೇ ಡಬ್ಬಿ ಹಿಡಿದು ಕಿಂಡಿಯ ಅಂಚಿನಲ್ಲಿ ಕಾಯುತ್ತಿತ್ತು. ನಮ್ಮ ಮಾತನ್ನೆಲ್ಲ ಕೇಳಿಸಿಕೊಂಡು ನಿಂತಿದ್ದವರ ಕೈ. ನಾನು ಬಾಗಿ ಒಳಗೆ ನೋಡಲು ಪ್ರಯತ್ನಿಸಿದೆ. ಮೊಣಕೈವರೆಗೆ ಕಂಡಿತು, ಅದರಾಚೆ ಕತ್ತಲೆ.

"ಇಲ್ಲಿಗೆ ಇನ್ನೊಬ್ರು ಬರ್ತಿದ್ರು ಅಂದಿದ್ರಲ್ಲ," ಎಂದೆ. "ಗುರುತು ಹಾಕ್ಕೊಂಡು. ಅವ್ರು ಯಾಕೆ ಬರ್ತಿಲ್ಲ?"

"ಯಾರು?"

"ನನ್ನ ಥರಾನೇ ಅಂದಿದ್ರಿ."

"ದಿನಕ್ಕೆ ಎಷ್ಟೋ ಜನ ಬರ್ತಾರೆ ಮೇಡಂ." ಅವನು ಹೊಸ ಡಬ್ಬಿಯನ್ನು ನನ್ನತ್ತ ಸರಿಸಿ, ಇನ್ನೊಂದು ಕೈಯನ್ನು ಚುಕ್ಕೆಯ ಶೂವಿನ ಮೇಲಿಟ್ಟ. ಎಂದಿನ ದನಿಯಲ್ಲೇ, ಯೋಚಿಸದೆ ಹೇಳಿದ: "ಹಳೇದು ಇಲ್ಲೇ ಇಟ್ಟೋಗಿ."

ನಾನು ಅವನ ಬೆರಳ ಕೆಳಗಿನಿಂದ ಶೂ ಎಳೆದುಕೊಂಡೆ. ಡಬ್ಬಿಯನ್ನು ಮುಟ್ಟಲಿಲ್ಲ. ಬಸ್ ಸ್ಟಾಪಿಗೆ ಬಂದ ಮೇಲೂ ಬಟ್ಟೆಯ ಗಂಟನ್ನು ಎರಡೂ ಕೈಯಲ್ಲಿ ಹಿಡಿದಿದ್ದೆ. ಬಸ್ಸಿನಲ್ಲಿ ಕೂತು, ಬೇಸ್‌ಮೆಂಟಿನಲ್ಲೇ ತೆಗೆದಿದ್ದ ಶೂ, ಡಬ್ಬಿ, ಅಕ್ಷರ ಎಲ್ಲದರ ಫೋಟೊಗಳನ್ನು ಬ್ರೇಕ್ ಶೂ ಕಂಪನಿಯ ದೂರಿನ ವಿಳಾಸಕ್ಕೆ ಕಳಿಸಿದೆ.

ಮನೆಯಲ್ಲಿ ಅಮ್ಮ ರೊಟ್ಟಿ ಬಡಿಯುತ್ತಿದ್ದಳು.

"ನಾಳೆ ಗಾಡಿ ಸಿಗ್ತೈತೇನು?"

"ಇಲ್ಲಮ್ಮ. ಚಕ್ರ ಬಿಚ್ಚಿಟ್ಟಿದೀನಿ."

"ವರ್ಷಾನುಗಟ್ಲೆ ಓಡೈತಿ. ಇನ್ನೊಂದ್ ದಿನ ನಿಧಾನಕ್ಕೆ ಹೋಗಿದ್ರೆ ಏನಾಗ್ತಿತ್ತು? ನಿಂದು ಎಲ್ಲಾದ್ಕೂ ಅನುಮಾನ. ನಾ ಹಚ್ಚಿದ ವಿಭೂತಿನೂ ಅಸಲಿನೋ ನಕಲಿನೋ ಅಂತ ನೋಡೇಬಿಡು."

ನಾನು ನಕ್ಕೆ. ಬಿರುಕಿನ ವಿಷಯ ಹೇಳಲಿಲ್ಲ. ಅವಳು ಮತ್ತೆ ಆ ಇಳಿಜಾರಿನಲ್ಲಿ ಇಳಿಯಬೇಕು, ಹೆದರಿಕೆಯಿಲ್ಲದೆ ಇಳಿಯಬೇಕು. ಊಟವಾದ ಮೇಲೆ ಅವಳು ಮಕ್ಕಳ ಕಾಪಿ ತಿದ್ದುತ್ತಿದ್ದಾಗ, ಅವಳ ಪೆನ್ನು ಸುಳಿಗಳನ್ನು ದುಂಡಗೆ ತಿದ್ದುವುದನ್ನು ಸ್ವಲ್ಪ ಹೊತ್ತು ನೋಡುತ್ತ ಕೂತಿದ್ದೆ. ಎದ್ದು ಹೋಗಿ ಬಟ್ಟೆಯ ಗಂಟನ್ನು ಹೊರಗೆ ಬಾಲ್ಕನಿಯಲ್ಲಿಟ್ಟು ಬಾಗಿಲು ಹಾಕಿದೆ.

ಮರುದಿನ ಬೆಳಿಗ್ಗೆ ಅಮ್ಮನನ್ನು ಆಟೋದಲ್ಲಿ ಶಾಲೆಯವರೆಗೂ ಬಿಟ್ಟು, ಮಾಮೂಲಿಗಿಂತ ಮುಂಚೆ ಕಾರ್ಖಾನೆಗೆ ಹೋದೆ. ತಿರಸ್ಕೃತ ಮಾಲು ಮತ್ತೆ ಹೊರಗೆ ಹೋಗದಂತೆ ತುಂಡು ಮಾಡುವ ಮೇಜು ನಮ್ಮ ವಿಭಾಗದ ಮೂಲೆಯಲ್ಲಿದೆ. ನಾಲ್ಕು ಶೂಗಳನ್ನೂ ಒಂದೊಂದಾಗಿ ವೈಸ್‌ನ ಕಬ್ಬಿಣದ ದವಡೆಗೆ ಬಿಗಿದು ಗರಗಸ ಹಿಡಿದೆ. ನನ್ನದನ್ನು ಸರಿಯಾಗಿ ಚುಕ್ಕೆಯ ಮೇಲೆಯೇ ಕೊಯ್ದೆ. 'ಮ' ಇದ್ದದ್ದನ್ನು ಕೊನೆಗೆ ಎತ್ತಿಕೊಂಡು, ಅಕ್ಷರಕ್ಕೆ ಗರಗಸ ತಾಗದಂತೆ ಸ್ವಲ್ಪ ಆಚೆಗೆ ಗೆರೆ ಎಳೆದು, ಕತ್ತರಿಸಿದೆ.