ನಿವಾಳಿಸಿದ ನೀರು

ಬ್ರಿಸ್ಬೇನ್, ಪರ್ತ್, ಕೊನೆಗೆ ಅಡಿಲೇಡ್. ಡಾಕ್ಟರಾದ ಯಜಮಾನರು ಆಸ್ಪತ್ರೆ ಬದಲಾಯಿಸಿದಾಗಲೆಲ್ಲ ನಮ್ಮ ಗಂಟುಮೂಟೆಯೂ ಹಿಂದೆಯೇ ಹೊರಡುತ್ತಿತ್ತು. ಎಂಬತ್ತರ ದಶಕದ ಮೊದಲ ವರ್ಷಗಳವು. ಅಡಿಲೇಡಿನ ಗ್ಲೆನೆಲ್ಗ್‌ಗೆ ಬಂದಾಗ ಮಗಳಿಗೆ ಅದು ಮೂರನೆಯ ಶಾಲೆ. ಪರ್ತ್‌ನ ಮೋರ್ಲಿಯಲ್ಲಿ ಬಿಟ್ಟುಬಂದ ಗೆಳತಿಯರನ್ನು ನೆನೆದು ದಿನಾ ಅಳುತ್ತಿದ್ದಳು. ಹೀಗಿರುವಾಗ ಟಿವಿಯಲ್ಲಿ ಅಮೆರಿಕದ ಮಕ್ಕಳ ದೆವ್ವದ ಪಾರ್ಟಿ ಕಂಡು, ತನಗೂ ಬೇಕೆಂದು ಹಟ ಹಿಡಿದಳು. ಅವರದು ಎಲೆ ಉದುರುವ ಅಕ್ಟೋಬರಿನಲ್ಲಿ. ಆಸ್ಟ್ರೇಲಿಯಾದಲ್ಲಿ ಋತುಗಳು ತಿರುಗುಮುರುಗು, ಎಲೆ ಉದುರುವುದು ಮೇ ತಿಂಗಳಲ್ಲಿ. ಹಾಗಾಗಿ ಮೇನಲ್ಲೇ ಆಗಲಿ ಎಂದು ಅವಳೇ ತೀರ್ಮಾನಿಸಿದಳು. ಕ್ಲಾಸಿನ ಏಳೆಂಟು ಮಕ್ಕಳು ಬರುತ್ತೇವೆಂದರು.

ಆಗ ಅತ್ತೆ ಮೈಸೂರಿನಿಂದ ನಮ್ಮಲ್ಲಿಗೆ ಬಂದಿದ್ದರು. ಪಾರ್ಟಿಯ ದಿನ ಪಂಚಾಂಗ ತೆಗೆದು ನೋಡಿ ಹೌಹಾರಿದರು.

“ಅಲ್ವೇ, ಅಮಾವಾಸ್ಯೆ ದಿನ ಯಾರಾದ್ರೂ ದೆವ್ವಗಳನ್ನ ಕರೆದು ತಿಂಡಿ ಕೊಡ್ತಾರೇನೇ? ಬೀದೀಲಿ ಹೋಗೋ ಮಾರೀನ ಮನೆಗೆ ಕರೆದ ಹಾಗೆ!”

“ಸ್ಕೂಲ್ ಮಕ್ಕಳು ಅತ್ತೆ ಅವರು. ಬೆಡ್‌ಶೀಟ್ ಹೊದ್ಕೊಂಡು ಬರ್ತಾರೆ, ಅಷ್ಟೇ,” ಎಂದು ರೇಗಿದೆ. ಅಮಾವಾಸ್ಯೆ, ದೃಷ್ಟಿ, ರಾಹುಕಾಲ ಯಾವುದನ್ನೂ ನಂಬುವವಳಲ್ಲ ನಾನು. ನಂಬುವವರನ್ನು ಕಂಡರೆ ಮೈ ಪರಚಿಕೊಳ್ಳುವಂತಾಗುತ್ತಿತ್ತು.

ಬೈದುಕೊಂಡೇ ಅತ್ತೆ ಕೋಡುಬಳೆ ಹಿಟ್ಟು ಕಲಸಿಕೊಟ್ಟರು. ಬಳೆ ಮಾಡದೆ ಉದ್ದುದ್ದ ಹೊಸೆದು, ತುದಿಗೊಂದು ಬಾದಾಮಿ ಒತ್ತಿ ಕರಿದೆವು. ಉಗುರು ಸಮೇತ ದೆವ್ವದ ಬೆರಳು! ಡಬ್ಬಿಯ ಲಿಚಿ ಹಣ್ಣಿನೊಳಗೆ ದ್ರಾಕ್ಷಿ ತುರುಕಿದರೆ ಕಣ್ಣುಗುಡ್ಡೆ. ರಾಸ್ಪ್‌ಬೆರಿ ಶರಬತ್ತಿಗೆ ಮಗಳು ಇಟ್ಟ ಹೆಸರು ರಕ್ತ.

ಮಧ್ಯಾಹ್ನ ಮೂರಕ್ಕೆಲ್ಲ ಮನೆ ತುಂಬ ದೆವ್ವಗಳು. ಅತ್ತೆಗೆ ತಡೆಯಲಾಗಲಿಲ್ಲ. ಅರಿಸಿನದ ನೀರಿಗೆ ಸುಣ್ಣ ಕದಡಿದರೆ ಕೆಂಪಾಗುತ್ತದಲ್ಲ, ಆ ನೀರನ್ನು ಸ್ಟೀಲ್ ಬಟ್ಟಲಲ್ಲಿ ತಂದು ಮೊಮ್ಮಗಳಿಗೆ ನಿವಾಳಿಸಿದರು. ಇದೂ ಪಾರ್ಟಿಯದೇ ಆಟವೆಂದುಕೊಂಡು ಮಕ್ಕಳು ಸಾಲಾಗಿ ನಿಂತರು. “ಯಾರ ಮಕ್ಕಳಾದ್ರೇನು, ಬನ್ನಿ,” ಎಂದು ಎಲ್ಲರಿಗೂ ನಿವಾಳಿಸಿದರು. ಆ ನೀರನ್ನು ಯಾರೂ ತುಳಿಯದ ಕಡೆ, ಗಿಡದ ಬುಡಕ್ಕೆ ಚೆಲ್ಲಬೇಕು. ಹಿತ್ತಲ ತುಂಬ ಮಕ್ಕಳು ಓಡುತ್ತಿದ್ದರು. ಆಮೇಲೆ ಚೆಲ್ಲಿದರಾಯಿತೆಂದು ಬಟ್ಟಲನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟರು.

ಸ್ವಲ್ಪ ಹೊತ್ತಿಗೆ ಕ್ಲಾಸಿನಲ್ಲಿ ಮಗಳ ಪಕ್ಕ ಕೂರುತ್ತಿದ್ದ ಸಣಕಲು ಹುಡುಗಿ ಅಡುಗೆಮನೆಯಿಂದ ಮುಖ ಕಿವುಚಿಕೊಂಡು ಬಂದಳು. ತುಟಿ, ಗಲ್ಲ, ಹೊದ್ದ ಬಿಳಿ ಬಟ್ಟೆಯೆಲ್ಲ ಕೆಂಪು. “ದಿಸ್ ಬ್ಲಡ್ ಈಸ್ ಯಕ್!” ಎಂದಳು. ಉಳಿದವರು ಚಪ್ಪಾಳೆ ತಟ್ಟಿದರು. ನಾನೂ ನಕ್ಕೆ. ಆಗ ಅತ್ತೆ ಕಿರುಚಿದರು.

ಬಟ್ಟಲು ಅರ್ಧ ಖಾಲಿಯಾಗಿತ್ತು. ಹುಡುಗಿ ಬಾಯಿ ಉರಿ ಎಂದು ಅಳತೊಡಗಿದಳು. ಸುಣ್ಣ! ಪರರ ಮಗು, ಪರದೇಶ, ಮನೆಯಲ್ಲಿ ಗಂಡಸರಿಲ್ಲ. ಆಸ್ಪತ್ರೆಗೆ ಫೋನು ತಿರುಗಿಸುವಾಗ ಬೆರಳು ಎರಡು ಸಲ ತಪ್ಪಿತು. ಯಜಮಾನರು ಲೈನಿಗೆ ಬಂದೊಡನೆ ಎಲ್ಲ ಒದರಿದೆ.

“ವಾಂತಿ ಮಾಡಿಸ್ಬೇಡ. ಬಾಯಿ ತೊಳೆಸಿ ಒಂದೆರಡು ಗುಟುಕು ನೀರು ಕೊಡು. ಸುಣ್ಣ ಎಷ್ಟು ಹಾಕಿದ್ರು ಕೇಳು.”

ಕೇಳಿದೆ. “ಉಗುರಿನ ತುದಿಯಷ್ಟು ಕಣೇ. ಎಲೆಗೆ ಸವರೋದಕ್ಕಿಂತ ಕಮ್ಮಿ,” ಎಂದರು ಅತ್ತೆ.

“ಸರಿಯಾಗಿ ಹೇಳಿ ಅತ್ತೆ! ಮಗೂಗೆ ಏನಾದ್ರೂ ಆದ್ರೆ?” ಎಂದು ಕೂಗಿಬಿಟ್ಟೆ.

ಅತ್ತೆ ನನ್ನನ್ನೊಮ್ಮೆ, ಹುಡುಗಿಯನ್ನೊಮ್ಮೆ ನೋಡಿದರು. ಬಟ್ಟಲೆತ್ತಿ, ಉಳಿದ ಅರ್ಧವನ್ನು ಗಟಗಟನೆ ಕುಡಿದುಬಿಟ್ಟರು. “ಆ ಕೂಸು ಕುಡಿದದ್ದು ಬರೀ ನೀರಾಗ್ಲಿ. ಅದರಲ್ಲಿರೋದೆಲ್ಲ ನನ್ನ ಪಾಲಿಗೆ ಬರ್ಲಿ,” ಎಂದರು.

ಅಯ್ಯೋ, ಇದೇನು ಮಾಡಿಬಿಟ್ಟರು! ಫೋನಿನಲ್ಲಿ ಯಜಮಾನರು “ಏನಾಯ್ತು? ಏನಾಯ್ತು?” ಎನ್ನುತ್ತಿದ್ದರು. ಹೇಳಿದಾಗ “ಬರ್ತಾ ಇದೀನಿ,” ಎಂದು ಇಟ್ಟರು.

ಅಷ್ಟರಲ್ಲಿ ಹುಡುಗಿಯ ತಾಯಿ ಕರೆದೊಯ್ಯಲು ಬಂದಳು. ನಾನು ತಡವರಿಸಿಕೊಂಡು ಎಲ್ಲ ಹೇಳಿದೆ. ಅವಳ ಮುಖ ಬಿಳಿಚಿಕೊಂಡಿತು. ಇಂಗ್ಲಿಷಿನ ಒಂದಕ್ಷರ ಬಾರದ ಅತ್ತೆ ಎದ್ದು ನಿಂತು, ಖಾಲಿ ಬಟ್ಟಲು ತೋರಿಸಿದರು, ಹುಡುಗಿಯನ್ನು ತೋರಿಸಿದರು, ಆಮೇಲೆ ತಮ್ಮ ಕೆಂಪು ತುಟಿಯನ್ನು. ಆ ತಾಯಿ ಅವರನ್ನೇ ದಿಟ್ಟಿಸಿದಳು. ಬೈದರೆ ಬೈಯಲಿ ಎಂದು ಕಾದೆ. ಅವಳು ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಅತ್ತೆಯ ಪಕ್ಕದಲ್ಲೇ ಕುಳಿತಳು. ಮುಖವಾಡ ತೆಗೆದಿಟ್ಟ ಮಕ್ಕಳು ಗೋಡೆಗೊರಗಿ ಪಿಳಿಪಿಳಿ ನೋಡುತ್ತಿದ್ದರು.

ಯಜಮಾನರು ಬಂದು ಟಾರ್ಚ್ ಹಾಕಿ ಹುಡುಗಿಯ ಗಂಟಲು ನೋಡಿದರು. ಸ್ವಲ್ಪ ಕೆಂಪಾಗಿದೆ, ಸುಟ್ಟಿಲ್ಲ, ಏನೂ ಆಗುವುದಿಲ್ಲ ಎಂದರು. ಅತ್ತೆಯ ಗಂಟಲಿಗೂ ಅದೇ ಮಾತು. ಹುಡುಗಿ ಹೋಗುವಾಗ ಇನ್ನೊಂದು ಬೆರಳು ಬೇಕೆಂದಳು. ಅವಳ ತಾಯಿಯೇ ತಟ್ಟೆಯಿಂದ ಎತ್ತಿಕೊಟ್ಟಳು. ಮಗಳ ಗೆಳೆತನ ಉಳಿಯಿತು.

ಎಲ್ಲರೂ ಹೋದ ಮೇಲೆ ಬಟ್ಟಲು ತೊಳೆಯುತ್ತ, “ನಾನು ಕೂಗಬಾರದಿತ್ತು ಅತ್ತೆ,” ಎಂದೆ.

“ಬಿಡೇ. ಎಲ್ಲ ಮಕ್ಕಳ ದೃಷ್ಟೀನೂ ನಾನು ಕುಡಿದಾಯ್ತಲ್ಲ, ಇನ್ನು ಯಾರಿಗೂ ಏನೂ ಇಲ್ಲ,” ಎಂದರು. ತಮಾಷೆಗೆ ಹೇಳಿದ್ದಲ್ಲ. ಲೆಕ್ಕ ಚುಕ್ತಾ ಆದ ನೆಮ್ಮದಿ ಆ ಮುಖದಲ್ಲಿತ್ತು. ತೊಳೆದ ಬಟ್ಟಲನ್ನೇ ನಾನು ಮತ್ತೊಮ್ಮೆ ತೊಳೆದೆ.

ಚಳಿಗಾಲ ಕಳೆದು ಅತ್ತೆ ಮೈಸೂರಿಗೆ ಮರಳಿದರು. ಅಲ್ಲಿಂದ ಮೈದುನನ ನೀಲಿ ಏರೋಗ್ರಾಮ್ ಪತ್ರ ಬಂದರೆ, ಯಾವುದನ್ನೂ ನಂಬದ ನಾನು ಅದನ್ನು ಬಿಡಿಸದೆ ಫ್ರಿಜ್ಜಿನ ಮೇಲಿಡುತ್ತಿದ್ದೆ. ಸಂಜೆ ಯಜಮಾನರು ಒಡೆದು ಓದಿ, “ಅಮ್ಮ ಚೆನ್ನಾಗಿದ್ದಾರಂತೆ ಕಣೇ,” ಎಂದು ಕೂಗಿ ಹೇಳುವವರೆಗೂ ಅಡುಗೆಮನೆಯಿಂದ ಈಚೆಗೆ ಬರುತ್ತಿರಲಿಲ್ಲ.