ಕೈ ಹಚ್ಚಬಾರದ ಲಿಂಗ

ಅಂಡಮಾನಿನ ಸುಣ್ಣಕಲ್ಲಿನ ಗವಿಯಲ್ಲಿ ತಾನಾಗಿ ಬೆಳೆದ ಲಿಂಗವಿದೆ ಎಂದು ಅಕ್ಕನ ಮಗಳು ಫೋಟೋ ತೋರಿಸಿದ್ದೇ ತಪ್ಪಾಯಿತು. ನಮ್ಮ ಮನೆಗಳಲ್ಲಿ ಕೊರಳಿನ ಲಿಂಗದ ಪೂಜೆಯಾಗದೆ ಬಾಯಿಗೆ ಹನಿ ನೀರೂ ಹಾಕುವುದಿಲ್ಲ. ಅಲ್ಲಿಗೆ ಹೋದ ದಿನ ಅಕ್ಕ ಬೆಳಗಿನ ಪೂಜೆಗೆ ಕೂರಲೇ ಇಲ್ಲ. ಗವಿಯ ಲಿಂಗಕ್ಕೆ ಕೈಯಾರೆ ವಿಭೂತಿ ಹಚ್ಚಿ, ಆಮೇಲೆ ಬಾಯಿಗೆ ನೀರು ಎಂದಳು. ಅವಳಿಗೆ ಸಕ್ಕರೆ ಕಾಯಿಲೆ. ಹೇಳಿದರೆ ಕೇಳುವವಳಲ್ಲ.

ದೋಣಿ ಇಳಿದು ಒಂದು ಮೈಲಿಯಷ್ಟು ನಡೆಯಬೇಕು. ಅರ್ಧ ದಾರಿಗೆ ಅಕ್ಕನ ಕೈ ನಡುಗತೊಡಗಿತು. ಮಗಳು ಬಿಸ್ಕೀಟಿನ ಪುಡಿಕೆ ಒಡೆದು ಹಿಡಿದುಕೊಂಡೇ ಪಕ್ಕದಲ್ಲಿ ನಡೆದಳು.

ಗವಿ ಎಂದರೆ ಇಕ್ಕಟ್ಟಾದ ಕಲ್ಲಿನ ಓಣಿ. ಮೇಲಿನಿಂದ ನೀರು ತೊಟ್ಟಿಕ್ಕುತ್ತದೆ. ದಾರಿ ತೋರಿಸುವವನು ಬ್ಯಾಟರಿಯ ಬೆಳಕು ಬಿಟ್ಟು ಇದು ಆನೆ, ಇದು ಕಮಲ ಎಂದ. ನನಗೆ ಎಲ್ಲವೂ ಸುಣ್ಣ ಚೆಲ್ಲಿದ ಹಾಗೆ ಕಂಡವು. ಲಿಂಗ ಮಾತ್ರ ಲಿಂಗದ ಹಾಗೇ ಇತ್ತು. ಅಕ್ಕ ವಿಭೂತಿ ತೆಗೆದಳು. ಅವನು ಅಡ್ಡ ಬಂದು ಹಿಂದಿಯಲ್ಲಿ ಒದರಿದ. ಸವಣೂರಿನಲ್ಲಿ ಕೂತು ಉರ್ದು ಮಾತಿನ ಗಿರಾಕಿಗಳಿಗೆ ವೀಳ್ಯದೆಲೆ ಮಾರಿದವಳು ನಾನು, ಅಷ್ಟು ಹಿಂದಿ ತಿಳಿಯುತ್ತದೆ.

"ಮುಟ್ಟಬ್ಯಾಡ ಅಂತಾನ. ಕೈ ಜಿಡ್ಡು ಹತ್ತಿದ್ರ ಕಲ್ಲು ಬೆಳೆಯೂದು ನಿಲ್ತೈತಂತ."

"ನನ್ನ ಕೈಗೆ ಎಲ್ಲೀದು ಜಿಡ್ಡು? ಮುಂಜಾನಿಂದ ಏನರ ತಿಂದೇನೇನು?"

"ಅದನ್ನ ಅವಂಗ ಹೇಳು."

"ಹಂಗಾರ ನಾ ಇಲ್ಲೇ ಕುಂದರ್ತೇನಿ."

ಕೂತೇಬಿಟ್ಟಳು. ಹಿಂದೆ ಸಾಲು ನಿಂತಿತು. ಅಕ್ಕನ ಮುಖವೆಲ್ಲ ಬೆವರು, ಮಾತು ತೊದಲತೊಡಗಿತು. ಮಗಳು ಬಿಸ್ಕೀಟು ಬಾಯಿಗೆ ಒಯ್ದರೆ ತುಟಿ ಬಿಗಿದಳು. ಮಗಳು ಅಳಹತ್ತಿದಳು. ಅಳುವುದರಿಂದ ಆಗುವುದೇನಿಲ್ಲ.

"ಯಕ್ಕಾ, ಕೊರಳಾಗಿನ ಲಿಂಗ ತೆಗಿ. ಅಂಗೈಯಾಗ ಇಟ್ಕೋ. ಇಲ್ಲೇ ಪೂಜಾ ಮಾಡು."

"ಇದು ಮನ್ಯಾಗಿಂದು."

"ಮ್ಯಾಲಿಂದ ಬೀಳೂ ನೀರು ಇಲ್ಲೀದು. ಹಿಡಿ."

ಅಕ್ಕ ಕೊರಳಿಗೆ ಕೈ ಹಾಕಿದಳು. ಲಿಂಗವನ್ನು ತೆಗೆದು ಎಡಗೈಯಲ್ಲಿಟ್ಟು ಹನಿಯ ಕೆಳಗೆ ಹಿಡಿದಳು. ನೀರು ಅವಸರವಿಲ್ಲದೆ ಬಿತ್ತು, ಒಂದು, ಮತ್ತೊಂದು. ವಿಭೂತಿ ಹಚ್ಚಿದಳು, ಕಣ್ಣು ಮುಚ್ಚಿದಳು. ದಾರಿ ತೋರಿಸುವವನ ಕಾನೂನಿನಲ್ಲಿ ಇದರ ಬಗ್ಗೆ ಏನೂ ಇರಲಿಲ್ಲವೋ ಏನೋ, ಸುಮ್ಮನೆ ಅಕ್ಕನ ಅಂಗೈಗೆ ಬೆಳಕು ಹಿಡಿದು ನಿಂತ. ಸಾಲಿನಲ್ಲಿದ್ದ ಇಬ್ಬರು ಕೈಮುಗಿದರು. ಯಾತಕ್ಕೆಂದು ಅವರಿಗೂ ಗೊತ್ತಿರಲಿಕ್ಕಿಲ್ಲ.

ಹೊರಗೆ ಬಂದು ಕಲ್ಲಿನ ಮೇಲೆ ಕೂತು ಅಕ್ಕ ನಾಲ್ಕು ಬಿಸ್ಕೀಟು ತಿಂದಳು. ಕೈ ನಡುಗುವುದು ನಿಂತಿತು.

"ಇಷ್ಟಕ್ಕ ವಿಮಾನ ಹತ್ತಿ ಬಂದ್ವಿ. ನಮ್ಮೂರು ದುಂಡಸ್ಯಾಗ ನಳದ ಕೆಳಗ ಹಿಡಿದಿದ್ರ ಆಗ್ತಿತ್ತಲ್ಲ," ಎಂದೆ.

"ಇನ್ನೊಂದು ಬಿಸ್ಕೀಟ್ ಕೊಡು," ಎಂದಳು.