ಮರುಮದುವೆ ಆಗಿಲ್ಲ ಎನ್ನುವ ಕಾಗದ

ಮಕ್ಕಳೇ, ನಿಮ್ಮ ಅಮ್ಮನ ಎರಡನೇ ಮದುವೆಗೆ ಅಷ್ಟು ವರ್ಷ ಯಾಕೆ ತಡವಾಯಿತು ಎಂದು ದೊಡ್ಡವಳು ಒಮ್ಮೆ ಕೇಳಿದಳು. ಬಾಯಿಬಿಟ್ಟು ಹೇಳಲು ನನಗೆ ಸಂಕೋಚ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಮಗ, ಎಂದರೆ ನಿಮ್ಮ ಅಪ್ಪ, ತೀರಿಕೊಂಡ ಮೇಲೆ ಈ ತಮಿಳು ಸೀಮೆಯ ಮಾರ್ಕಯನ್‌ಕೋಟ್ಟೈ ಮನೆಯಲ್ಲಿ ಉಳಿದವರು ನಾನು, ನಿಮ್ಮ ಅಮ್ಮ, ನೀವಿಬ್ಬರು. ನನಗೂ ಅವಳಿಗೂ ಸರ್ಕಾರದ ವಿಧವಾ ಪಿಂಚಣಿ ಬರುತ್ತಿತ್ತು. ಅವಳು ದ್ರಾಕ್ಷಿ ತೋಟಗಳಿಗೆ ಕೂಲಿಗೆ ಹೋಗುತ್ತಿದ್ದಳು. ತೋಟದಲ್ಲಿ ಕೆಲಸ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಪಿಂಚಣಿ ಮಾತ್ರ ತಪ್ಪುತ್ತಿರಲಿಲ್ಲ. ಆದರೆ ಹೆಂಗಸು ಮತ್ತೆ ಮದುವೆಯಾದರೆ ಅದು ನಿಂತುಹೋಗುತ್ತದೆ.

ನೀವು ಈಗ ಚಿಕ್ಕಪ್ಪ ಎನ್ನುವವರು ಆಗ ಬೋಡಿಮೆಟ್ಟಿನ ಏಲಕ್ಕಿ ತೋಟದಲ್ಲಿ ಕೆಲಸಕ್ಕಿದ್ದರು. ನಮ್ಮ ಜನವೇ, ಹೆಂಡತಿ ತೀರಿ ಬಹಳ ಕಾಲವಾಗಿತ್ತು. ಭಾನುವಾರ ನಿಮ್ಮ ಅಮ್ಮನನ್ನು ನೋಡಲು ಬೆಟ್ಟ ಇಳಿದು ಬರುವರು, ನಿಮಗೆ ಏನಾದರೂ ತಿಂಡಿ ತರುವರು, ಹಿತ್ತಿಲಲ್ಲಿ ಕೂತು ಉಣ್ಣುವರು, ಬೆಳಕಿರುವಾಗಲೇ ಹೊರಟುಬಿಡುವರು. ರಾತ್ರಿ ಉಳಿದರೆ ಯಾರಾದರೂ ಪಿಂಚಣಿ ಆಫೀಸಿಗೆ ಸುದ್ದಿ ಮುಟ್ಟಿಸಿಯಾರು ಎಂಬ ಭಯ. ಪಕ್ಕದ ಮನೆಯವಳು ನಲ್ಲಿಯ ಹತ್ತಿರ, ನಿಮ್ಮ ಮನೆಗೆ ಭಾನುವಾರ ಮಾತ್ರ ಕೋಳಿ ಸಾರು ನೆನಪಾಗುತ್ತದಾ ಎಂದು ಚುಚ್ಚುತ್ತಿದ್ದಳು. ನಾನು ಕೊಡ ಎತ್ತಿಕೊಂಡು ಬಂದುಬಿಡುತ್ತಿದ್ದೆ.

ನಮ್ಮಲ್ಲಿ ವಿಧವೆಗೆ ಮತ್ತೆ ಮದುವೆ ಮಾಡುವುದು ತಪ್ಪಲ್ಲ. ಹಿಂದಿನಿಂದಲೂ ಉಂಟು, ಹೊಸ ಸೀರೆ ಕೊಟ್ಟು ಉಡಿಸಿದರೆ ಆಯಿತು. ಆದರೆ ಆ ಮಾತನ್ನು ಸತ್ತ ಗಂಡನ ಮನೆಯವರೇ ಮೊದಲು ಎತ್ತಬೇಕು. ಹೆಣ್ಣು ಕೇಳುವಂತಿಲ್ಲ, ಗಂಡೂ ಕೇಳುವಂತಿಲ್ಲ. ಆ ಮನೆ ಎಂದರೆ ಈಗ ನಾನೊಬ್ಬಳೇ. ಎತ್ತಿದರೆ, ಮುದುಕಿ ನನ್ನನ್ನು ಸಾಗಹಾಕುತ್ತಿದ್ದಾಳೆ ಎಂದು ಅವಳು ನೊಂದುಕೊಂಡರೆ? ಅಥವಾ ಮಕ್ಕಳಿಗಾಗಿ ಪಿಂಚಣಿ ಬಿಡಲು ಅವಳಿಗೇ ಮನಸ್ಸಿಲ್ಲದಿದ್ದರೆ? ಹೀಗೆ ಯೋಚಿಸುತ್ತಲೇ ಮೂರು ವರ್ಷ ಸುಮ್ಮನಿದ್ದೆ.

ಒಂದು ಸಲ, ಪಿಂಚಣಿ ಮುಂದುವರಿಯಬೇಕಾದರೆ ಮರುಮದುವೆ ಆಗಿಲ್ಲ ಎಂದು ಬರೆಸಿಕೊಂಡು ಬರಲು ಹೇಳಿದರು. ಗಂಡನ ಮನೆಯ ಸಾಕ್ಷಿ ಬೇಕೆಂದು ನಿಮ್ಮ ಅಮ್ಮ ನನ್ನನ್ನೂ ಊರಿನ ಆಫೀಸಿಗೆ ಕರೆದೊಯ್ದಳು. ಅಲ್ಲಿನ ಅಧಿಕಾರಿ ಹೊಸಬರು, ಮರ್ಯಾದೆಯ ಮನುಷ್ಯ. ಕಾಗದ ತುಂಬಿಸಿ, ಸೀಲು ಕೈಗೆತ್ತಿಕೊಂಡು, ನಿಮ್ಮ ಸೊಸೆ ಮತ್ತೆ ಮದುವೆ ಆಗಿಲ್ಲ ತಾನೇ ಎಂದು ತಮಿಳಿನಲ್ಲಿ ಕೇಳಿದರು.

ಆಗಿಲ್ಲ ಎಂದರೆ ಸುಳ್ಳಲ್ಲ. ಆದರೆ ಆ ಸೀಲು ಬಿದ್ದರೆ ಇನ್ನೊಂದು ವರ್ಷವೂ ಬರೀ ಭಾನುವಾರಗಳೇ ಎಂದು ನನಗೆ ಹೊಳೆಯಿತು.

"ಇನ್ನೂ ಆಗಿಲ್ಲ ಸಾರ್," ಎಂದೆ. "ಪೊಂಗಲ್ ಕಳೆದು ತೈ ತಿಂಗಳಲ್ಲಿ ನಾನೇ ಮಾಡಿಸ್ತೀನಿ. ಇವಳ ಹೆಸರು ತೆಗೆದುಬಿಡಿ."

ಸೊಸೆ ನನ್ನ ಮಣಿಕಟ್ಟು ಹಿಡಿದಳು. ನಮ್ಮ ಮಾತಿನಲ್ಲಿ ಮೆಲ್ಲಗೆ ಗದರಿದಳು. "ಏನ್ ಅತ್ತೆ ಇಂಗ್ ಯೋಳ್ಬುಟ್ರಿ? ಒಂದ್ಸಾರಿ ಓದ್ರೆ ತಿರುಗಿ ಬರೋ ದುಡ್ಡಾ ಅದು?"

"ಓದ್ರೆ ಓಗ್ಲಿ. ಆ ಆಳು ವಾರಾ ವಾರಾ ಅರ್ಧ ಊಟಕ್ಕೇ ಎದ್ದು ಬಸ್ಸಿಗೆ ಓಡೋದ ನನ್ ಕೈಲಿ ನೋಡೋಕಾಗ್ದು."

ಅಧಿಕಾರಿಗೆ ಕನ್ನಡ ತಿಳಿಯದು. ಸೀಲು ಹಿಡಿದ ಕೈ ಹಾಗೇ ನಿಂತಿತ್ತು. "ಏನು ಅಜ್ಜಿ, ಜಗಳವಾ?"

"ಇಲ್ಲ ಸಾರ್, ಸಂಬಂಧ ಮಾತಾಡ್ತಾ ಇದ್ದೀವಿ."

ಅವರು ನಕ್ಕು ಸೀಲು ಕೆಳಗಿಟ್ಟರು. ಮದುವೆಯಾದ ಮೇಲೆ ಒಂದು ಅರ್ಜಿ ಬರೆದುಕೊಟ್ಟರೆ ಸಾಕು, ಈಗಲೇ ಹೆಸರು ತೆಗೆಯಬೇಕಿಲ್ಲ ಎಂದು ವಿವರಿಸಿದರು.

ಹೊರಗೆ ಬಂದು ಮನೆಯ ಕಡೆ ನಡೆದೆವು. ಬಾಳೆಗೊನೆ ತುಂಬುತ್ತಿದ್ದ ಲಾರಿಯ ಮರೆಯಲ್ಲಿ ನಿಂತು ಅವಳು ಕಣ್ಣೊರೆಸಿಕೊಂಡಳು. "ನಿಮ್ ಬಾಯಿಂದ ಬರ್ಲಿ ಅಂತ್ಲೇ ಕಾದೆ ಅತ್ತೆ. ಮನೆ ನಡೆಯೋಕೆ ಆ ದುಡ್ಡು ಬೇಕು ಅಂತ ನೀವು ಸುಮ್ಕಿದ್ದೀರಿ ಅನ್ಕಂಡಿದ್ದೆ."

ನಾನೂ ಅವಳ ಬಗ್ಗೆ ಅದನ್ನೇ ಅಂದುಕೊಂಡಿದ್ದೆ ಎಂದೆ. ಇಬ್ಬರಿಗೂ ನಗು ಬಂತು. ಗೊನೆ ಹೊರುತ್ತಿದ್ದವರು ತಿರುಗಿ ನೋಡಿದರು.

ಅಲ್ಲಿಂದಲೇ ನಿಮ್ಮ ಚಿಕ್ಕಪ್ಪನಿಗೆ ಫೋನ್ ಮಾಡಿ ಮದುವೆಯ ಮಾತು ತಿಳಿಸಿದಳು. ಅತ್ತೆಗೆ ಗೊತ್ತಾ ಎಂದು ಅವರು ಕೇಳಿದರಂತೆ. ಅತ್ತೆಯೇ ಹೇಳಿದ್ದು ಎಂದು ಇವಳು ಫೋನನ್ನು ನನ್ನ ಕೈಗಿಟ್ಟಳು. ನಾನೋ, ಗಂಡಸರ ಹತ್ತಿರ ನಾಲ್ಕು ಮಾತಾಡಿದವಳಲ್ಲ. ಏಲಕ್ಕಿ ತೋಟದಲ್ಲಿ ಮಳೆಯಾ ಎಂದು ಕೇಳಿ ಹಿಂದಕ್ಕೆ ಕೊಟ್ಟೆ.

ತೈ ತಿಂಗಳಲ್ಲಿ ಸೀರೆ ಉಡಿಸಿದೆವು. ಅರ್ಜಿ ಬರೆದುಕೊಟ್ಟೆವು, ಅವಳ ಪಿಂಚಣಿ ನಿಂತಿತು. ಚಿಕ್ಕಪ್ಪನಿಗೆ ಬೆಟ್ಟದ ಕೆಳಗೆ ಕೆಲಸ ಸಿಗುವವರೆಗೆ ಕೈ ಬಿಗಿಯಾಗಿಯೇ ಇತ್ತು, ಇಲ್ಲ ಎನ್ನುವುದಿಲ್ಲ. ಆದರೆ ಬಾಗಿಲು ಸದ್ದಾದಾಗ, ಆಫೀಸಿನವರೋ ಏನೋ ಎಂದು ನಾನು ಮೊದಲು ಓಡಿ ಇಣುಕುತ್ತಿದ್ದೆನಲ್ಲ, ಅದು ತಪ್ಪಿತು. ಈಗ ಯಾರು ಬಂದರೂ, ಕೂತಲ್ಲಿಂದಲೇ ಒಳಗೆ ಬನ್ನಿ ಎನ್ನುತ್ತೇನೆ.